ಆಸನ ಮೀಮಾಂಸೆ: ಬೀಸು ಕಂಸಾಳೆಯನ್ನು ಎಲ್ಲಿ ಕುಂತು ನೋಡಬೇಕು?

ವಿಷಯ ಪ್ರವೇಶ: ಕೊಳ್ಳೇಗಾಲ ಸೀಮೆಯ ಒಡೆಯರಪಾಳ್ಯದ ಬೀದಿಯಲ್ಲಿ ಬೀಸು ಕಂಸಾಳೆ ಕುಣಿತ ನಡೆಯುವಾಗ ಪ್ರೇಕ್ಷಕ ಎಲ್ಲಿ ಕೂರಬೇಕು? ಈ ಗಹನ ಪ್ರಶ್ನೆಯನ್ನು ಪ್ರಾಚೀನ ಲಾಕ್ಷಣಿಕರು ಎತ್ತಲೇ ಇಲ್ಲ. ಅವರಿಗೆ ಮುಂದಿನ ಸಾಲಿನಲ್ಲಿ ಯಾರೋ ಟವೆಲ್ಲು ಹಾಸಿ ಜಾಗ ಹಿಡಿದಿದ್ದಿರಬೇಕು. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಉದ್ದೇಶ.

ಲಕ್ಷಣ: ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯ ದಾರದಲ್ಲಿ ಚಪ್ಪಟೆ ತಾಳ. ಎರಡನೆಯದು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಸುತ್ತಿ ಬಂದು ಬಟ್ಟಲಿಗೆ ಬಡಿಯುತ್ತದೆ. ಒಮ್ಮೊಮ್ಮೆ ಪಕ್ಕದವನ ಬಟ್ಟಲಿಗೂ. ಆಡುವವರು ಬಾಗುತ್ತಾರೆ, ಅಂಗಾತ ಮಲಗುತ್ತಾರೆ, ಒಬ್ಬರ ಹೆಗಲನ್ನೊಬ್ಬರು ಏರುತ್ತಾರೆ. ಮಲೆ ಮಹದೇಶ್ವರನ ಹೆಸರಲ್ಲಿ ದೀಕ್ಷೆ ಪಡೆದ ದೇವರಗುಡ್ಡರಿಗೆ ಇದು ಮಾದಪ್ಪನ ಸೇವೆ. ಇದರಿಂದ ಪ್ರಥಮ ಸೂತ್ರ ಹೊರಡುತ್ತದೆ: ತೋಳಿನ ಉದ್ದಕ್ಕೆ ದಾರದ ಉದ್ದವನ್ನೂ ಭಕ್ತಿಯ ಆವೇಶವನ್ನೂ ಕೂಡಿಸಿದರೆ ಸುರಕ್ಷಿತ ದೂರ. ಮೂರನೆಯದನ್ನು ಅಳೆಯುವ ಟೇಪು ಕೊಳ್ಳೇಗಾಲದ ಅಂಗಡಿಗಳಲ್ಲಿ ಸಿಗಲಿಲ್ಲ.

ಪೂರ್ವಪಕ್ಷ: ಭರತಮುನಿಯ ಮಧ್ಯಮ ನಾಟ್ಯಮಂಟಪ 64 ಮೊಳ ಉದ್ದ, 32 ಮೊಳ ಅಗಲ. ಅರ್ಧ ಆಡುವವರಿಗೆ, ಅರ್ಧ ನೋಡುವವರಿಗೆ. ಅಂದರೆ ಕಟ್ಟಕಡೆಯವನೂ ರಂಗದಿಂದ ಸುಮಾರು 48 ಅಡಿಯೊಳಗೇ ಇರುತ್ತಾನೆ. ಮಂಟಪ ಇದಕ್ಕಿಂತ ದೊಡ್ಡದಾದರೆ ಮಾತು ಕೇಳದು, ಮುಖಭಾವ ಕಾಣದು ಎಂಬುದು ಮುನಿಯ ಮತ. ಒಪ್ಪೋಣ. ಆದರೆ ಅವನ ರಂಗಕ್ಕೆ ಹಿಂದು-ಮುಂದು ಉಂಟು; ಕಂಸಾಳೆಯವರ ಸುತ್ತಿಗೆ ಬೆನ್ನೇ ಇಲ್ಲ. ಕಂಪನಿ ನಾಟಕದವರು ನೆಲ, ಬೆಂಚು, ಕುರ್ಚಿ ಎಂದು ಕಾಸಿಗೆ ತಕ್ಕ ಕಜ್ಜಾಯ ಹಂಚಿದರು. ಇಲ್ಲಿ ಟಿಕೆಟ್ಟೇ ಇಲ್ಲವಾದ್ದರಿಂದ ಎಲ್ಲರೂ ಕುರ್ಚಿ ಕ್ಲಾಸಿನವರೇ. ಕುರ್ಚಿ ಮಾತ್ರ ಇರುವುದಿಲ್ಲ.

ಆಸನ ಭೇದಗಳು ನಾಲ್ಕು.

ಒಂದು, ನೆಲಾಸನ. ಮಕ್ಕಳದ್ದು. ತಾಳ ತಲೆಯ ಮೇಲೆ ಹಾಯುವುದರಿಂದ ಅಪಾಯ ಕಡಿಮೆ. ದೋಷ: ಧೂಳು, ನಿದ್ದೆ.

ಎರಡು, ಜಗಲ್ಯಾಸನ. ಅರಿಸಮಾಸವೆಂದು ಪಂಡಿತರು ಮುನಿಯದಿರಲಿ. ಎತ್ತರ ಉಂಟು, ಒರಗಲು ಗೋಡೆ ಉಂಟು. ದೋಷ: ಕಂಬ, ಮತ್ತು ಮನೆಯವರ ನೆಂಟರು.

ಮೂರು, ಟ್ರಾಕ್ಟರಾಸನ. ಟ್ರೇಲರ್ ಮೇಲಿನಿಂದ ಸಕಲವೂ ಕಾಣುತ್ತದೆ. ದೋಷ: ಡ್ರೈವರಿಗೆ ಹಸಿವಾದಾಗ ಆಸನವೇ ಊರಿಗೆ ಹೊರಡುತ್ತದೆ.

ನಾಲ್ಕು, ಹೆಗಲಾಸನ. ಸರ್ವೋತ್ತಮ. ಐದು ವರ್ಷ ದಾಟಿದವರಿಗೆ ಅಪ್ಪಂದಿರು ಇದನ್ನು ನಿಷೇಧಿಸಿದ್ದಾರೆ.

ತೌಲನಿಕ ಅಧ್ಯಯನ: ಒಡೆಯರಪಾಳ್ಯದ ಮಗ್ಗುಲಲ್ಲೇ 1974ರಿಂದ ಟಿಬೆಟನ್ನರ ವಸಾಹತು ಧೋಂಡೆನ್‌ಲಿಂಗ್ ಇದೆ. ಟಿಬೆಟಿನ ಮಠಗಳಲ್ಲಿ ಲಾಮಾಗಳು ಮುಖವಾಡ ತೊಟ್ಟು ಕುಣಿಯುವ ‘ಚಾಮ್’ಗೂ ಅಂಗಳವೇ ರಂಗ, ಸುತ್ತಲೂ ಜನ. ಹಿಮಾಲಯದಾಚೆಯವರೂ ಮಾದಪ್ಪನ ಎಪ್ಪತ್ತೇಳು ಮಲೆಯವರೂ ಯಾವ ವಿಚಾರಸಂಕಿರಣವನ್ನೂ ನಡೆಸದೆ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ: ದುಂಡಗೆ ಕೂರುವುದು.

ಕ್ಷೇತ್ರಕಾರ್ಯ: ಭರತನ 48 ಅಡಿಯನ್ನು ಪರೀಕ್ಷಿಸಲು ಪ್ರಸ್ತುತ ಸಂಶೋಧಕ ಟೇಪು ಹಿಡಿದು ಆಟದ ನಡುವೆ ಎದ್ದು ನಿಂತ. ಹಿಂದಿನಿಂದ ಅಜ್ಜಿಯೊಬ್ಬರು, ಅವನ ನರೆತ ತಲೆಯನ್ನೂ ಲೆಕ್ಕಿಸದೆ, “ಅಯ್ಯೋ ಕುಂತ್ಕ ಮೊಗ! ನಾವೇನ್ ನಿನ್ ಬೆನ್ ನೋಡಕ್ ಬಂದಿದ್ದವಾ?” ಎಂದರು. ಶಾಸ್ತ್ರಗ್ರಂಥಗಳಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ಇನ್ನೊಂದು ಸಿಕ್ಕಿಲ್ಲ. ಸಂಶೋಧಕ ಕುಂತ.

ಸಿದ್ಧಾಂತ: ನಿಂತವನಿಗೆ ಆಟ ಕಾಣುತ್ತದೆ, ಅವನ ಹಿಂದಿನ ಹತ್ತು ಜನಕ್ಕೆ ಅವನು ಕಾಣುತ್ತಾನೆ. ಆದ್ದರಿಂದ ಎಲ್ಲಿ ಕುಂತರೂ ಅದು ಉತ್ತಮಾಸನ. ಓದುಗರಲ್ಲಿ ಒಂದೇ ಬಿನ್ನಹ: ಬರುವಾಗ ಚಾಪೆ ತನ್ನಿ, ಟೇಪು ಮನೆಯಲ್ಲೇ ಇರಲಿ.