ಬೀಗರ ಬಿಪಿ, ನ್ಯೂಜೆರ್ಸಿಯ ಚೌಕಾಸಿ

ಗಜೇಂದ್ರಗಡದ ಸೀರೆ ಅಂಗಡಿಯಲ್ಲಿ ಮೊದಲು ಹೇಳಿದ ದರಕ್ಕೇ ಸೀರೆ ಕೊಂಡವರನ್ನು ನಾನು ಕಂಡಿಲ್ಲ. ಹಾಗೆ ಕೊಂಡರೆ ಅಂಗಡಿಯವರಿಗೇ ಅವಮಾನ. ಅಲ್ಲಿ ಸೋಲದ ಗಟ್ಟಿಗಿತ್ತಿಯೂ ಔಷಧಿ ಅಂಗಡಿಯಲ್ಲಿ ಮಾತ್ರ ಪಟ್ಟಿಯ ಮೇಲಿನ ಎಂಆರ್‌ಪಿ ನೋಡಿ ಸುಮ್ಮನೆ ರೊಕ್ಕ ಎಣಿಸುತ್ತಾಳೆ. ಅಮೆರಿಕದಲ್ಲಿ ಪೂರ್ತಿ ಉಲ್ಟಾ. ಕೊತ್ತಂಬರಿ ಸಿವುಡಿಗೂ ಬಾರ್‌ಕೋಡ್. ಚೌಕಾಸಿಗೆ ಉಳಿದಿರುವುದು ಔಷಧಿ ಅಂಗಡಿಯೊಂದೇ.

ಇದನ್ನು ಕಂಡುಹಿಡಿದವರು ನರಗುಂದ ತವರಿನ ನಮ್ಮವ್ವ ಮತ್ತು ರೋಣದ ನಮ್ಮ ಮಾವ. ಬೀಗರಿಬ್ಬರೂ ಒಂದೇ ಬೇಸಿಗೆಗೆ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದರು. ವಿಮಾನ ನಿಲ್ದಾಣದಲ್ಲಿ ಚೀಲದ ತೂಕ ಹೆಚ್ಚಾದಾಗ ಅವ್ವ ಹೊರಗೆ ತೆಗೆದದ್ದು ಅರ್ಧದಷ್ಟು ಗುಳಿಗೆಗಳನ್ನು, ಕಟಕರೊಟ್ಟಿಯನ್ನಲ್ಲ. ಹೀಗಾಗಿ ಅವಳ ಬಿಪಿ ಗುಳಿಗೆ ಟೆಲ್ಮಿಸಾರ್ಟನ್ ಬಹುಬೇಗ ಮುಗಿಯಿತು. ಊರ ಡಾಕ್ಟರ ಚೀಟಿ ಇಲ್ಲಿ ನಡೆಯುವುದಿಲ್ಲ. ಇಲ್ಲಿನ ಡಾಕ್ಟರು ನೋಡಿ, ಕಂಪ್ಯೂಟರಿನಲ್ಲೇ ಚೀಟಿಯನ್ನು ಹತ್ತಿರದ ಅಂಗಡಿಗೆ ಕಳಿಸಿದರು.

30 ಗುಳಿಗೆಗೆ 100 ಡಾಲರಿನ ಮೇಲೆ.

"ಬಂಗಾರದ ವರ್ಖ ಹಚ್ಯಾರೇನು? ನೋಡಿ ಹೇಳ್ರಿ ಅನ್ನು ಆಕಿಗೆ" ಅಂದಳು ಅವ್ವ. ನಾನು ಭೂಮಿಗಿಳಿದು ಹೋಗುತ್ತಾ ಇಂಗ್ಲಿಷಿಗೆ ತಂದೆ. ಕೌಂಟರಿನ ಹುಡುಗಿಗೆ ಏನೂ ಅನ್ನಿಸಲಿಲ್ಲ. "ಕೂಪನ್ ಇದೆಯೇ?" ಅಂದಳು, ತಾನೇ ಏನೋ ಒತ್ತಿದಳು, ದರ ಅರ್ಧಕ್ಕಿಳಿಯಿತು. ಇಷ್ಟು ವರ್ಷ ಇಲ್ಲಿದ್ದು ಏನು ಕಲಿತೆ ಎಂಬಂತೆ ಅವ್ವ ನನ್ನನ್ನು ನೋಡಿದಳು. ನೋಡಿ, ಹೊರಟೇಬಿಟ್ಟಳು. ಎದ್ದು ಹೋಗುವುದು ಚೌಕಾಸಿಯ ಎರಡನೇ ಮೆಟ್ಟಿಲು.

ಮುಂದಿನದು ಮಾವನ ಪಾಲಿಗೆ. ನಿವೃತ್ತ ಹೆಡ್‌ಮಾಸ್ತರರು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಅಂಗಡಿ, ದರ, ದೂರ ಎಂದು ಕಾಲಮು ಮಾಡಿದರು. ಔಷಧಿ ದರ ಹೋಲಿಸುವ ಗುಡ್‌ಆರ್‌ಎಕ್ಸ್ ಜಾಲತಾಣ ತೆರೆದರೆ ಒಂದೇ ಗುಳಿಗೆಗೆ ಬೀದಿಗೊಂದು ದರ. ವಾಲ್‌ಮಾರ್ಟಿನಲ್ಲಿ 2006ರಿಂದ 4 ಡಾಲರ್ ಔಷಧಿಗಳ ಪಟ್ಟಿಯೇ ಇದೆಯಂತೆ. ಕಾಸ್ಟ್‌ಕೋದಲ್ಲಿ ಸಾಮಾನಿಗೆ ಸದಸ್ಯತ್ವ ಬೇಕು, ಚೀಟಿಯ ಔಷಧಿಗೆ ಬೇಡ. ಉದ್ಯಮಿ ಮಾರ್ಕ್ ಕ್ಯೂಬನ್ 2022ರಲ್ಲಿ ತೆರೆದ ಆನ್‌ಲೈನ್ ಔಷಧಿ ಅಂಗಡಿ, ಕೊಂಡ ಬೆಲೆಯ ಮೇಲೆ ಶೇಕಡ 15 ಲಾಭ ಎಂದು ಬಹಿರಂಗವಾಗಿಯೇ ಹೇಳುತ್ತದೆ. "ಲಾಭಾ ಹೇಳಿ ಮಾರೂ ವ್ಯಾಪಾರಿ!" ಎಂದು ಮಾವ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು.

ಕೊನೆಗೆ ಒಂದು ಅಂಗಡಿಯಲ್ಲಿ 20 ಡಾಲರಿನೊಳಗೆ ಕುದುರಿತು. ಚೀಟಿಯನ್ನು ಅಲ್ಲಿಗೆ ವರ್ಗ ಮಾಡಿಸಬೇಕು. ಸರ್ಕಾರಿ ಮೇಷ್ಟ್ರಿಗೆ ವರ್ಗಾವಣೆ ಹೊಸದೇ?

ಗುಟ್ಟು ಸೀರೆ ಅಂಗಡಿಯದೇ. ವಿಮಾ ಕಂಪನಿಗಳ ಪರವಾಗಿ ದಲ್ಲಾಳಿಗಳು ದರ ಇಳಿಸಲು ಬರುತ್ತಾರೆಂದು ಗೊತ್ತಿರುವುದರಿಂದ ಅಂಗಡಿಯ ದರ ಮೊದಲೇ ಏರಿ ಕೂತಿರುತ್ತದೆ. ವಿಮೆಯಿಲ್ಲದವರು ಬಾಯಿ ಬಿಡದಿದ್ದರೆ ಆ ಏರಿದ ದರವನ್ನೇ ತೆರಬೇಕು. ವಿಮೆ ಇದ್ದವರ ಕಥೆ ಇನ್ನೂ ಚೆಂದ: ಕೆಲವು ಸಲ ವಿಮೆಯ ಪಾಲಿಗಿಂತ ಕೈಯಿಂದ ಕೊಟ್ಟರೇ ಅಗ್ಗ. ಅದನ್ನು ಗಿರಾಕಿಗೆ ಹೇಳಕೂಡದೆಂದು ಎಷ್ಟೋ ಒಪ್ಪಂದಗಳಲ್ಲಿ ಅಂಗಡಿಯವರ ಬಾಯಿ ಕಟ್ಟಿದ್ದರು. ಬಿಚ್ಚಲು 2018ರಲ್ಲಿ ಕಾನೂನೇ ಬರಬೇಕಾಯಿತು.

ಮಾವ ಊರಿಗೆ ಮರಳಿದರೂ ಚಟ ಬಿಡಲಿಲ್ಲ. ನಮ್ಮಲ್ಲಿ ದರ ಬದಲಾಗುವುದು ಅಂಗಡಿಯಿಂದಲ್ಲ, ಪಟ್ಟಿಯ ಮೇಲಿನ ಕಂಪನಿ ಹೆಸರಿನಿಂದ ಎಂದು ಹೊಸ ಕಾಲಮು ಎಳೆದರು. ಡಾಕ್ಟರನ್ನು ಕೇಳಿಕೊಂಡು, ಗದಗಿಗೆ ಹೋದಾಗ ಜನೌಷಧಿ ಕೇಂದ್ರದಲ್ಲಿ ಅದೇ ಟೆಲ್ಮಿಸಾರ್ಟನ್ ಕೊಂಡು ಅವ್ವನಿಗೆ ಫೋನ್ ಮಾಡಿದರು.

"ಅಗ್ಗದ ಗುಳಿಗಿಗೆ ನನ್ನ ಬಿಪಿ ಇಳ್ಯೂದಿಲ್ರೀ ಬೀಗರ."

"ಅಕ್ಕಾರ, ಅಮೆರಿಕಾದಾಗ ನೀವು ನುಂಗಿದ್ದೂ ಹೈದರಾಬಾದಿಂದ ಹೋದದ್ದರೀ. ಡಬ್ಬಿ ಮ್ಯಾಲೆ ನಾನs ಓದೀನಿ."

ಅವ್ವ ಒಂದು ಗಳಿಗೆಯೂ ತಡೆಯಲಿಲ್ಲ. "ಹೋಗಿರಬಹುದ್ರೀ. ಅದು ವಿಮಾನ ಹತ್ತಿ ಹೋದ ಗುಳಿಗಿ. ನೀವು ತಂದದ್ದು ಗದಗಿನ ಬಸ್ಸಿನ್ಯಾಗ ಬಂದದ್ದರೀ!"