ಉಳಿಗೂಟ ಮೀಮಾಂಸೆ

ಕನ್ನಡ ಸಂಶೋಧನೆಯಲ್ಲಿ ಜಗಳವಾಡದ ವಿಷಯವೇ ಉಳಿದಿಲ್ಲ. ಕವಿ ಹುಟ್ಟಿದ ಊರು ನಮ್ಮದೇ ಎಂದು ಮೂರು ತಾಲ್ಲೂಕಿನವರು ಗೂಟ ಹೊಡೆದುಕೊಂಡು ಕೂತಿದ್ದಾರೆ. ಅವನ ಕಾಲವನ್ನು ನೂರು ವರ್ಷ ಆಚೆ, ನೂರು ವರ್ಷ ಈಚೆ ಎಳೆದಾಡಿ ವಿದ್ವಾಂಸರು ಸುಸ್ತಾಗಿದ್ದಾರೆ. ಆದರೆ ಖುದ್ದು ಗೂಟದ ಮೇಲೆ ಒಬ್ಬರೂ ಕಣ್ಣು ಹಾಯಿಸಿದಂತಿಲ್ಲ. ನಾನು ಹೇಳುತ್ತಿರುವುದು ದನ ಕಟ್ಟುವ ಗೂಟವಲ್ಲ, ಮಂತ್ರಿಗಳ ಕಾರಿನ ನೆತ್ತಿಯ ಮೇಲೆ ಕೆಂಪಗೆ ತಿರುಗುತ್ತಿದ್ದದ್ದೂ ಅಲ್ಲ. ಲೇತ್ ಯಂತ್ರದ ಸ್ಲೈಡಿನ ಮೇಲೆ ಕೂತು, ಕಬ್ಬಿಣ ಕಡೆಯುವ ಉಳಿಯನ್ನು ಕಚ್ಚಿ ಹಿಡಿಯುತ್ತದಲ್ಲ, ಆ ಗೂಟ. ಕಾರ್ಖಾನೆಯವರು ಟೂಲ್‌ಪೋಸ್ಟ್ ಅನ್ನುತ್ತಾರೆ. ಅದರಲ್ಲಿ ಕ್ಷಣದಲ್ಲಿ ಟೂಲ್ ಬದಲಿಸಲು ಬರುವ ಜಾತಿಗೆ ಕ್ವಿಕ್ ಚೇಂಜ್ ಟೂಲ್‌ಪೋಸ್ಟ್ ಎಂದು ಹೆಸರು. ಇದಕ್ಕೆ ನಾನು ಮೊದಲು ‘ಶೀಘ್ರಪರಿವರ್ತನೀಯೋಪಕರಣಸ್ತಂಭ’ ಎಂದು ನಾಮಕರಣ ಮಾಡಿದ್ದೆ. ಅದನ್ನು ಉಚ್ಚರಿಸಿ ಮುಗಿಸುವಷ್ಟರಲ್ಲಿ ಹಳೇ ಪದ್ಧತಿಯಲ್ಲೇ ಟೂಲ್ ಬದಲಿಸಿ ಮುಗಿಸಬಹುದು ಎಂದು ಮನೆಯೊಳಗಿಂದ ಆಕ್ಷೇಪ ಬಂದದ್ದರಿಂದ, ಪ್ರಕೃತ ಪ್ರಬಂಧದಲ್ಲಿ ‘ಉಳಿಗೂಟ’ ಎಂದಷ್ಟೇ ಕರೆಯಲಾಗಿದೆ.

ಮೊದಲು ಕಾಲವಿಚಾರ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಹೊಯ್ಸಳ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರು, ಊರು, ಬಿರುದು ಎಲ್ಲ ಕೆತ್ತಿಕೊಂಡರು. ಉಳಿಗೂಟದ ಹೆಸರು ಮಾತ್ರ ಯಾರೂ ಕೆತ್ತಲಿಲ್ಲ. ಈ ಅನ್ಯಾಯ ಅಲ್ಲಿಂದಲೇ ಶುರು. ಮುಂದೆ 1800ರ ಆಸುಪಾಸಿನಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್‌ಲೆ ತನ್ನ ಲೇತಿಗೆ ಸ್ಲೈಡ್ ರೆಸ್ಟ್ ಕೂರಿಸಿ, ಕೈಯಲ್ಲಿದ್ದ ಉಳಿಯನ್ನು ಯಂತ್ರದ ಕೈಗೆ ಕೊಟ್ಟ. ಕನ್ನಡನಾಡು ಇದರಲ್ಲಿ ಹಿಂದೆ ಬೀಳಲಿಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿಕೊಂಡವು. ಆ ಯಂತ್ರಗಳ ಮೇಲೆ ಸಾಮಾನ್ಯವಾಗಿ ವಿರಾಜಮಾನವಾಗಿರುತ್ತಿದ್ದದ್ದು ನಾಲ್ಕು ಮುಖದ ಉಳಿಗೂಟ, ಅಂದರೆ ಫೋರ್ ವೇ. ಸಾಕ್ಷಾತ್ ಚತುರ್ಮುಖ ಬ್ರಹ್ಮ.

ಈ ಚತುರ್ಮುಖನ ಒಂದು ಪ್ರತಿ ನಮ್ಮ ಮನೆಯ ಕಾರ್ ಷೆಡ್ಡಿನಲ್ಲಿದೆ. ಪೀಣ್ಯದಲ್ಲಿ 31 ವರ್ಷ ಟರ್ನರ್ ಆಗಿದ್ದ ನಮ್ಮ ಮಾವನವರು ನಿವೃತ್ತರಾದಾಗ, ಅಲ್ಲೇ ಮೂಲೆಯಲ್ಲಿದ್ದ ಮೂರಡಿ ಬೆಡ್ಡಿನ ಸಣ್ಣ ಲೇತನ್ನು ಗುಜರಿಯ ಬೆಲೆಗೆ ಬಿಡಿಸಿಕೊಂಡು ನಮ್ಮ ಷೆಡ್ಡಿಗೆ ತಂದಿಳಿಸಿದರು. ಕಾರು ಅಂದಿನಿಂದ ರಸ್ತೆಯಲ್ಲಿ ನಿಲ್ಲುತ್ತದೆ.

ಫೋರ್ ವೇಯಲ್ಲಿ ಟೂಲಿನ ತುದಿಯನ್ನು ಜಾಬಿನ, ಅಂದರೆ ಕಡೆಯುವ ತುಂಡಿನ, ಸೆಂಟರಿಗೆ ಸರಿಯಾಗಿ ತರಲು ಅದರ ಅಡಿಗೆ ಪ್ಯಾಕಿಂಗ್ ಕೊಡಬೇಕು. ಬೇರೆ ದಾರಿಯಿಲ್ಲ. ಕಳೆದ ವರ್ಷ ನಾನು ಶಾಸ್ತ್ರೋಕ್ತವಾಗಿ ಉತ್ಖನನ ನಡೆಸಿ, ಟೂಲನ್ನು ಎಬ್ಬಿಸಿ, ಒಂದೊಂದೇ ಪದರ ಬಿಡಿಸಿದೆ. ಮೇಲಿನ ಸ್ತರದಲ್ಲಿ ಹ್ಯಾಕ್‌ಸಾ ಬ್ಲೇಡಿನ ಎರಡು ತುಂಡು, ಹಲ್ಲು ಉಜ್ಜಿ ಬೋಳಿಸಿದ್ದು. ಅದರ ಕೆಳಗೆ ಒಂದು ತಗಡುಶಾಸನ. ಹಳದಿ ನೆಲದ ಮೇಲೆ ಹಸಿರು ಲಿಪಿ. ಎರಡೂ ಕಡೆ ತ್ರುಟಿತವಾಗಿದ್ದು ನಡುವೆ ‘ದ್ಧ ತು’ ಎಂಬ ಅಕ್ಷರಗಳು ಮಾತ್ರ ಸ್ಪಷ್ಟ. ‘ಶುದ್ಧ ತುಪ್ಪ’ ಎಂಬ ಪಾಠವನ್ನು ನಾನು ಊಹಿಸಿದ್ದೇನೆ. ‘ಬದ್ಧ ತುಳುನಾಡು’ ಎಂದು ಓದುವವರಿದ್ದರೆ ಮುಂದೆ ಬರಲಿ, ಚರ್ಚಿಸೋಣ. ತೀರಾ ತಳದ ಸ್ತರದಲ್ಲಿ ದಪ್ಪ ರಟ್ಟಿನ ಪಟ್ಟಿ, ಚಿನ್ನದ ಬಣ್ಣದಲ್ಲಿ ‘ಮನಾಭಿಲಾ’. ಇದು ಆಗಮನಾಭಿಲಾಷಿಗಳು ಎಂಬುದರ ಹೊಟ್ಟೆಭಾಗವೆಂದು ಗುರುತಿಸಲು ಪಾಂಡಿತ್ಯವೇನೂ ಬೇಕಾಗಲಿಲ್ಲ. ನನ್ನದೇ ಮದುವೆಯ ಕರೆಯೋಲೆ ಅದು. ಆದ್ದರಿಂದ ಈ ಸ್ತರ 2006ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಮಾವನವರು ನೂರು ಕಾರ್ಡ್ ಹೆಚ್ಚಿಗೆ ಮಾಡಿಸಿದ್ದರೆಂಬ ಮೌಖಿಕ ಪರಂಪರೆಗೂ ಇದರಿಂದ ಭೌತಿಕ ಆಧಾರ ಸಿಕ್ಕಂತಾಯಿತು. ಎಲ್ಲವನ್ನೂ ಒರೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಸಂಖ್ಯೆ ಬರೆದು ಬೀರುವಿನಲ್ಲಿಟ್ಟೆ. ತಗಡುಶಾಸನದ ಸಂಖ್ಯೆ 4.

ಕೂದಲೆಳೆಯಷ್ಟು ಎತ್ತರಕ್ಕೆ ಇಷ್ಟೆಲ್ಲ ರಗಳೆ ಏಕೆ ಎಂದು ಕೇಳಬಹುದು. ಟೂಲ್ ಸೆಂಟರಿಗಿಂತ ಕೆಳಗಿದ್ದರೆ, ಫೇಸಿಂಗ್ ಹೊಡೆದಾಗ ಜಾಬಿನ ನಟ್ಟನಡುವೆ ಒಂದು ಪುಟ್ಟ ಗುಬುಟು ಉಳಿಯುತ್ತದೆ. ಮೇಲಿದ್ದರೆ ಕಡಿಯುವ ಬದಲು ಉಜ್ಜುತ್ತದೆ, ಬಿಸಿಯಾಗಿ ಕಿರುಚುತ್ತದೆ. ಇದಕ್ಕೆ ಟರ್ನರುಗಳ ಸಂಪ್ರದಾಯದಲ್ಲಿ ಒಂದು ಸೊಗಸಾದ ಪ್ರಮಾಣವಿದೆ. ದುಂಡನೆ ಜಾಬಿಗೂ ಟೂಲಿನ ತುದಿಗೂ ನಡುವೆ ಆರಿಂಚಿನ ಸ್ಟೀಲ್ ಸ್ಕೇಲನ್ನು ನಿಲ್ಲಿಸಿ, ಮೆಲ್ಲಗೆ ಟೂಲ್ ಒತ್ತಬೇಕು. ಸ್ಕೇಲ್ ನೆಟ್ಟಗೆ ನಿಂತರೆ ಸೆಂಟರ್ ಸರಿ. ತಲೆ ನಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಆ ಕಡೆ ವಾಲಿದರೆ ಮೇಲಿದೆ. ಪ್ರತ್ಯಕ್ಷ, ಅನುಮಾನ, ಶಬ್ದ ಮೂರೂ ಆರಿಂಚಿನಲ್ಲೇ ಮುಗಿಯುತ್ತವೆ. ಕ್ವಿಕ್ ಚೇಂಜಿನ ಮಹಿಮೆ ಇರುವುದೂ ಇಲ್ಲಿಯೇ. ಅದರಲ್ಲಿ ಒಂದೊಂದು ಟೂಲಿಗೂ ಒಂದೊಂದು ಹೋಲ್ಡರ್. ಹೋಲ್ಡರಿನ ತಲೆಯ ಮೇಲಿನ ನಟ್ ತಿರುಗಿಸಿ ಒಮ್ಮೆ ಎತ್ತರ ಹೊಂದಿಸಿಬಿಟ್ಟರೆ, ತೆಗೆದು ಹಾಕಿದಾಗಲೆಲ್ಲ ಅದೇ ಎತ್ತರಕ್ಕೆ ಬಂದು ಕೂರುತ್ತದೆ.

ಇನ್ನು ಮತಭೇದಗಳು. ಅಗ್ಗದ ಉಳಿಗೂಟಗಳಲ್ಲಿ ಮುಖ್ಯವಾಗಿ ಎರಡು ಪಂಥ, ಪಿಸ್ಟನ್ ಮತ್ತು ವೆಜ್. ಎರಡಕ್ಕೂ ಮೂಲ ಅಮೆರಿಕದ ಅಲೋರಿಸ್ ಪರಂಪರೆ. ಎರಡರಲ್ಲೂ ಹೋಲ್ಡರ್ ಡವ್‌ಟೇಲಿನ ಗಾಡಿಯಲ್ಲಿ, ಅಂದರೆ ತೋಡಿನಲ್ಲಿ, ಮೇಲಿನಿಂದ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರು. ಹಿಡಿ ತಿರುಗಿಸಿದಾಗಲೇ ಭೇದ ಬಯಲಾಗುವುದು. ಪಿಸ್ಟನ್ನಿನಲ್ಲಿ ಗೂಟದೊಳಗಿಂದ ಒಂದು ದುಂಡು ತುಂಡು ಹೊರಬಂದು ಹೋಲ್ಡರನ್ನು ಆಚೆಗೆ ದೂಡುತ್ತದೆ. ಹೋಲ್ಡರ್ ತನ್ನ ಡವ್‌ಟೇಲಿನಿಂದಲೇ ಗೂಟವನ್ನು ಭದ್ರವಾಗಿ ಹಿಡಿದುಕೊಂಡು ಬೀಳದೆ ಉಳಿಯಬೇಕು. ವೆಜ್ಜಿನಲ್ಲಿ ಬೆಣೆ ಜರುಗಿ, ಗೂಟವೇ ಹೋಲ್ಡರನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ.

ಮೇಲುಕೋಟೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಿಸ್ಟನ್ನಿನದು ಮರ್ಕಟಕಿಶೋರ ನ್ಯಾಯ: ಕೋತಿಮರಿ ತಾಯಿಯನ್ನು ತಾನೇ ಅವಚಿಕೊಂಡಿರಬೇಕು, ಕೈ ಸಡಿಲಿಸಿದರೆ ಅದರ ಹಣೆಬರಹ. ವೆಜ್ಜಿನದು ಮಾರ್ಜಾಲಕಿಶೋರ ನ್ಯಾಯ: ಬೆಕ್ಕು ತಾನೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ, ಮರಿ ಸುಮ್ಮನೆ ನೇತಾಡಿದರೆ ಸಾಕು. ಕೋತಿಯ ಪಕ್ಷದ ವಡಕಲೆ, ಬೆಕ್ಕಿನ ಪಕ್ಷದ ತೆಂಕಲೆ ಶ್ರೀವೈಷ್ಣವರ ವ್ಯಾಜ್ಯ ಶತಮಾನಗಳಿಂದ ಇತ್ಯರ್ಥವಾಗಿಲ್ಲ. ಪಿಸ್ಟನ್ ವೆಜ್‌ಗಳ ವ್ಯಾಜ್ಯವೂ ಆಗುವ ಸೂಚನೆಯಿಲ್ಲ. ನನ್ನ ಒಲವು ಬೆಕ್ಕಿನ ಕಡೆ. ಮೈಗೆ ಮೈ ಅಂಟಿ ಕೂರುವ ಹೋಲ್ಡರ್ ಅಲುಗುವುದು ಕಡಿಮೆ, ತೆಗೆದು ಹಾಕಿದರೆ ಮೊದಲಿನ ಜಾಗಕ್ಕೇ ಬರುವ ಭರವಸೆಯೂ ಹೆಚ್ಚು. ಬೆಲೆ ಪಿಸ್ಟನ್ನಿಗಿಂತ ಜಾಸ್ತಿ, ನಿಜ. ಆದರೆ ಹಿತ್ತಾಳೆ, ಅಲ್ಯೂಮಿನಿಯಂ, ಸಣ್ಣಪುಟ್ಟ ಮೈಲ್ಡ್ ಸ್ಟೀಲ್ ಕಡೆಯುವ ಗೃಹಸ್ಥನಿಗೆ ಕೋತಿಯಿಂದಲೂ ಮೋಕ್ಷವುಂಟು.

ಇಂಗ್ಲೆಂಡಿನ ಡಿಕ್ಸನ್ ಪಂಥದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಫೋರ್ಡ್, ಕಾಲ್ಚೆಸ್ಟರ್ ಲೇತುಗಳ ಮೇಲೆ ಬೆಳೆದದ್ದು. ನಮ್ಮ ದೇಶದಲ್ಲೂ ಅದರ ನಕಲು ತಯಾರಾಗುತ್ತದೆ. ಒಬ್ಬರು ಮಾಡಿದ ಹೋಲ್ಡರ್ ಇನ್ನೊಬ್ಬರ ಗೂಟಕ್ಕೆ ಕೂರುವುದು ಖಾತ್ರಿಯಿಲ್ಲ, ಜಾತಕ ನೋಡಿಯೇ ತರಬೇಕು. ಸ್ವಿಟ್ಜರ್‌ಲೆಂಡಿನ ಮಲ್ಟಿಫಿಕ್ಸ್ ಬೇರೆಯದೇ ಲೋಕ. ಗೂಟದ ಸುತ್ತ 40 ಹಲ್ಲು, ಹೋಲ್ಡರನ್ನು 9 ಡಿಗ್ರಿಗೊಂದರಂತೆ 40 ದಿಕ್ಕಿನಲ್ಲಿ ಕೂರಿಸಬಹುದು. ಅಷ್ಟದಿಕ್ಪಾಲಕರನ್ನು ನಂಬಿದ ನಾಡಿಗೆ ಉಳಿದ 32 ದಿಕ್ಕು ಏತಕ್ಕೆಂದು ನನಗೆ ಹೊಳೆಯಲಿಲ್ಲ. ಬೆಲೆ ನೋಡಿದ ಮೇಲೆ ಹೊಳೆಯಿಸಿಕೊಳ್ಳುವ ಪ್ರಯತ್ನವನ್ನೂ ಬಿಟ್ಟೆ.

ಪಾಠಪರಿಷ್ಕರಣದ ಒಂದು ಸಮಸ್ಯೆ ಇಲ್ಲಿಯೇ ಉಲ್ಲೇಖಾರ್ಹ. ಅಗ್ಗದ ಸೆಟ್ಟಿನಲ್ಲಿ ಸಾಮಾನ್ಯವಾಗಿ ಐದು ಹೋಲ್ಡರ್ ಬರುತ್ತವೆ. ಅವುಗಳ ಸಂಖ್ಯೆ 1, 2, 4, 7, 10. ಟರ್ನಿಂಗ್ ಒಂದು, ಗಾಡಿಯಲ್ಲಿ ಬೋರಿಂಗ್ ಬಾರನ್ನೂ ಹಿಡಿಯುವುದು ಒಂದು, ದಪ್ಪ ಬೋರಿಂಗ್ ಬಾರಿಗೆ ಒಂದು, ಪಾರ್ಟಿಂಗ್ ಬ್ಲೇಡಿಗೆ ಒಂದು, ನರ್ಲಿಂಗಿಗೆ ಒಂದು. ನಡುವಿನ ಸಂಧಿಗಳು ಈ ಓಲೆಗರಿಯಲ್ಲಿ ಲುಪ್ತ. ಬೇಕಾದವರು ಬೇರೆ ಕಾಸು ಕೊಟ್ಟು ತರಿಸಿಕೊಳ್ಳಬೇಕು. ಅಸಲು ಖರ್ಚು ಅಡಗಿರುವುದೂ ಅಲ್ಲೇ. ಗೂಟ ಒಂದೇ ಸಲ, ಹೋಲ್ಡರ್ ಜೀವನಪರ್ಯಂತ. ಒಂದೊಂದರ ಬೆಲೆ ನಾಲ್ವರು ಹೋಟೆಲಿನಲ್ಲಿ ಉಂಡೆದ್ದ ಬಿಲ್ಲಿನಷ್ಟು. ಸೆಟ್ಟಿನ ಐದೂ ಮೊದಲ ಭಾನುವಾರವೇ ತುಂಬಿಹೋಗುತ್ತವೆ. ಹಾಗಾಗಿ ಅಗ್ಗದ ಗೂಟ ಯಾವುದೆಂದು ಕೇಳುವವರು ಮೊದಲು ಅದರ ಬಿಡಿ ಹೋಲ್ಡರ್ ಎಷ್ಟಕ್ಕೆ ಸಿಗುತ್ತದೆ, ನಾಳೆಯೂ ಸಿಗುತ್ತದೆಯೇ ಎಂದು ಕೇಳಬೇಕು. ಹುಡುಗಿಯನ್ನು ನೋಡಲು ಹೋದವರು ನೆಂಟರಿಷ್ಟರನ್ನೂ ನೋಡಿ ಬರುವುದಿಲ್ಲವೇ?

ಲಾಭನಷ್ಟದ ಲೆಕ್ಕವನ್ನೂ ಕಟ್ಟಿದ್ದೇನೆ. ಪ್ಯಾಕಿಂಗ್ ಕೊಟ್ಟು ಟೂಲ್ ಬದಲಿಸಲು 5 ನಿಮಿಷ, ಭಾನುವಾರಕ್ಕೆ 6 ಬದಲಾವಣೆ. ಕ್ವಿಕ್ ಚೇಂಜಿನಿಂದ ವಾರಕ್ಕೆ ಅರ್ಧ ಗಂಟೆ ಉಳಿತಾಯ. ಯಾವ ಗೂಟ ಕೊಳ್ಳಬೇಕೆಂದು ನಾನು ತುಲನಾತ್ಮಕ ಅಧ್ಯಯನ ಮಾಡಿದ್ದು ರಾತ್ರಿ 2 ಗಂಟೆಯಂತೆ 420 ರಾತ್ರಿ, ಒಟ್ಟು 840 ಗಂಟೆ. ಅದು ವಾಪಸ್ ಬರಲು 1,680 ಭಾನುವಾರ, ಅಂದರೆ 32 ವರ್ಷ ಮಿಕ್ಕಿ ಬೇಕು. ನನಗೀಗ 47. ಹೋಲ್ಡರ್ ಇಳಿಸಿ ಏರಿಸುವಷ್ಟು ಕಸುವು ಕೈಯಲ್ಲಿ ಉಳಿದಿದ್ದರೆ 79ರ ಹೊತ್ತಿಗೆ ಲಾಭಕ್ಕೆ ಬರುತ್ತೇನೆ.

ಕಡೆಗೆ ವೆಜ್ ಜಾತಿಯದೇ ಬಂತು. ಆ ಪಂಥದಲ್ಲಿ ಸಣ್ಣ ಲೇತುಗಳಿಗೆ 100 ಎಂಬ ಸೈಜು, ಅದಕ್ಕಿಂತ ದೊಡ್ಡವಕ್ಕೆ 200. ಬೆಲೆಯ ವ್ಯತ್ಯಾಸ ಅಷ್ಟೇನಿಲ್ಲವೆಂದು ನಾನು 200 ತರಿಸಿದ್ದೆ. ಬೆಳೆಯುವ ಮಗುವಿಗೆ ದೊಡ್ಡ ಚಪ್ಪಲಿ ತರುವ ಹಾಗೆ. ಲೇತ್ ಬೆಳೆಯುವುದಿಲ್ಲ. ನಮ್ಮದರಲ್ಲಿ ಸ್ಲೈಡಿನ ಮೈಯಿಂದ ಸೆಂಟರಿಗೆ 24 ಮಿ.ಮೀ. ಹೋಲ್ಡರನ್ನು ಪೂರ್ತಿ ಕೆಳಗಿಳಿಸಿ 16 ಮಿ.ಮೀ. ಟೂಲ್ ಇಟ್ಟರೆ ತುದಿ 28ಕ್ಕೆ ನಿಂತಿತು. ಈ ನಾಲ್ಕು ಮಿ.ಮೀ.ಗೆ ಪರಿಹಾರವಾಗಿ ಸ್ಲೈಡನ್ನೇ ಮಿಲ್ಲಿಂಗ್ ಮಾಡಿಸುವ ಬಗ್ಗೆ ನಾನು ಮೂರು ಪುಟದ ಟಿಪ್ಪಣಿ ಬರೆಯುತ್ತಿದ್ದಾಗ ಮಾವನವರು ಕಾಫಿ ಲೋಟ ಹಿಡಿದು ಬಂದರು.

“ಅಳಿಯಂದ್ರೇ, ಹತ್ತು ಎಂ.ಎಂ. ಬಿಟ್ ಹಾಕಿ. ಇಳಿಯತ್ತೆ.”

ಹಾಕಿದೆ, ಇಳಿಯಿತು. ಟಿಪ್ಪಣಿಯನ್ನು ಅನುಬಂಧಕ್ಕೆಂದು ತೆಗೆದಿಟ್ಟೆ.

ಎರಡನೆಯ ತೊಡಕು ಗೂಟದ ನಡುವಿನ ತೂತಿನದು. ತೂತು 20, ನಮ್ಮ ಸ್ಲೈಡಿನ ಸ್ಟಡ್ 16. ನಡುವೆ ಒಂದು ಬುಷ್ ಕಡೆದು ಹಾಕಬೇಕು. ಬುಷ್ ಕಡೆಯಲು ಉಳಿಗೂಟ ಬೇಕು, ಉಳಿಗೂಟ ಕೂರಲು ಬುಷ್ ಬೇಕು. ಬೀಜವೃಕ್ಷನ್ಯಾಯದ ಇಷ್ಟು ಶುದ್ಧ ನಿದರ್ಶನ ತರ್ಕಗ್ರಂಥಗಳಲ್ಲೂ ಸಿಗಲಾರದು ಎಂದು ನಾನು ಪುಳಕಗೊಂಡು ವಿವರಿಸತೊಡಗಿದೆ. ಅಷ್ಟರಲ್ಲಿ ಮಾವನವರು ಹೊಸ ಗೂಟವನ್ನು ಪಕ್ಕಕ್ಕಿಟ್ಟು, ಹಳೇ ಫೋರ್ ವೇಯನ್ನೇ ಸ್ಟಡ್ಡಿಗೆ ಏರಿಸಿ, ಚಕ್ಕಿಗೆ ಒಂದು ರಾಡ್ ಕಟ್ಟಿಯಾಗಿತ್ತು. ಬ್ಲೇಡಿನ ತುಂಡುಗಳನ್ನು ಬೀರುವಿನಿಂದ ತಾವೇ ತೆಗೆದುಕೊಂಡಿದ್ದರು. ಟೂಲ್ ಮುಟ್ಟಿಸಿ ಸ್ಕೇಲ್ ನಿಲ್ಲಿಸಿದರು. ತಲೆ ನಮ್ಮ ಕಡೆ ವಾಲಿತು, ಒಂದಿಷ್ಟೇ.

“ಆ ತುಪ್ಪದ ತಗಡು ಎಲ್ಲಿಟ್ಟಿದೀರಿ?”

ಶಾಸನ ಸಂಖ್ಯೆ 4 ಪರಿಷ್ಕರಣದ ಹಂತದಲ್ಲಿದೆ, ಬಳಕೆಗೆ ಕೊಡುವ ಹಾಗಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಏನೂ ಅನ್ನದೆ, ಗೋಡೆಗೆ ನೇತುಹಾಕಿದ್ದ ತಗಡಿನ ಕತ್ತರಿ ತೆಗೆದುಕೊಂಡು ಮನೆಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕರಕರ ಸದ್ದು, ಅದರ ಹಿಂದೆಯೇ ನನ್ನ ಹೆಂಡತಿಯ ಕೂಗು: “ಅಪ್ಪಾ, ಅದರಲ್ಲಿನ್ನೂ ಅರ್ಧ ಕೆ.ಜಿ. ಇದೆ!”