ಒಳಗ ಚಿಪ್ ಯಾವುದೈತ್ರಿ?

ಊರಿಗೊಬ್ಬ ಇಂಥವನು ಇದ್ದೇ ಇರುತ್ತಾನೆ. ಕಂಪ್ಯೂಟರ್ ಯಾಕೋ ನಿಧಾನ ಆಗಿದೆ ಎಂದು ನೀವು ಬಾಯಿತಪ್ಪಿ ಅಂದರೆ ಸಾಕು, ಜೇಬಿನಿಂದ ಪೆನ್‌ಡ್ರೈವ್ ಹೊರಗೆ ಬರುತ್ತದೆ. "ಲಿನಕ್ಸ್ ಹಾಕಿಬಿಡ್ಲೇನ್ರಿ ಸರ?" ಬೇಡ ಅನ್ನುವಷ್ಟರಲ್ಲಿ ಅರ್ಧ ಹಾಕಿರುತ್ತಾನೆ. ನಮ್ಮ ಪಾಲಿಗೆ ಬಂದವನ ಹುಟ್ಟೂರು ದೇವದುರ್ಗ, ಅಂಗಡಿ ಇರುವುದು ಮಾನ್ವಿಯಲ್ಲಿ, ಬಿಡಿಭಾಗಗಳ ಬೇಟೆ ರಾಯಚೂರಿನಲ್ಲಿ. ಅಪ್ಪ-ಅಮ್ಮ ಇಟ್ಟ ಹೆಸರು ಬೇರೆ. ಮೂರೂ ಊರಿನಲ್ಲಿ ಚಲಾವಣೆಯಲ್ಲಿರುವುದು ಲಿನಕ್ಸಣ್ಣ.

ರೋಗ ಅಂಟಿದ್ದು ಅಂಚೆಯಿಂದ. 2005ರಿಂದ 2011ರವರೆಗೆ ಉಬುಂಟು ಎಂಬ ಲಿನಕ್ಸಿನವರು ಕೇಳಿದವರಿಗೆಲ್ಲ ಅದರ ಸಿಡಿಗಳನ್ನು ಪುಕ್ಕಟೆ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದೇ. ಹೊರದೇಶದ ಲಕೋಟೆ ದೇವದುರ್ಗಕ್ಕೆ ಬಂದ ದಿನ ಹುಡುಗನಿಗೆ ಫಾರಿನ್ ನೌಕರಿ ಸಿಕ್ಕಿತೆಂದೇ ಓಣಿಯವರು ತಿಳಿದರಂತೆ. ಆ ಲಕೋಟೆ ಹೆಣ್ಣು ನೋಡುವ ಮಾತುಕತೆಗೂ ಹೋಗಿಬಂತು ಎನ್ನುವವರಿದ್ದಾರೆ. ಅವನು ಒಪ್ಪುವುದಿಲ್ಲ, ಅವನ ಹೆಂಡತಿ ಅಲ್ಲಗಳೆಯುವುದಿಲ್ಲ.

ಲಿನಕ್ಸ್ ಹಾಕುವುದು ಕಷ್ಟವಲ್ಲ, ಅದಕ್ಕೆ ಒಗ್ಗುವ ವೈಫೈ ಕಾರ್ಡ್ ಹುಡುಕುವುದೇ ಕಷ್ಟ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ತಾನು ಬರೆದ ಲಿನಕ್ಸಿನ ಕೋಡನ್ನು ಎಲ್ಲರ ಮುಂದೆ ಬಿಚ್ಚಿಟ್ಟ. ಕಾರ್ಡ್ ಮಾಡುವ ಕಂಪನಿಗಳಲ್ಲಿ ಬಹಳಷ್ಟು ತಮ್ಮ ಚಿಪ್‌ನ ಗುಟ್ಟು ಬಿಚ್ಚಲಿಲ್ಲ. ಗುಟ್ಟು ಗೊತ್ತಿಲ್ಲದೆ ಆ ಚಿಪ್ ನಡೆಸುವ ಡ್ರೈವರ್ ಬರೆಯುವುದು ಹೇಗೆ? ಹೀಗಾಗಿ ಕೆಲವು ಚಿಪ್ ಹಾಕಿದ ಕೂಡಲೇ ನಡೆಯುತ್ತವೆ, ಕೆಲವು ಜಪ್ಪಯ್ಯ ಅಂದರೂ ಇಲ್ಲ. ಪ್ರತಿ ಪಿಸಿಐ ಕಾರ್ಡಿನೊಳಗೂ ತಯಾರಕರ ಸಂಖ್ಯೆಯೊಂದು ಅಡಗಿರುತ್ತದೆ. ಇಂಟೆಲ್‌ನದು 8086, ಅವರ 1978ರ ಪ್ರೊಸೆಸರಿನ ಹೆಸರೇ. ರಿಯಲ್‌ಟೆಕ್‌ನದು 10ಇಸಿ, ಅಥೆರಾಸ್‌ನದು 168ಸಿ. ತನ್ನ ಬೈಕಿನ ನಂಬರು ಕೇಳಿದರೆ ಕೆಎ 36ರ ಮುಂದೆ ತಡವರಿಸುವ ಲಿನಕ್ಸಣ್ಣನಿಗೆ ಇವೆಲ್ಲ ಬಾಯಿಪಾಠ.

ನನ್ನ ಕಂಪ್ಯೂಟರನ್ನು ಅವನು ಉದ್ಧಾರ ಮಾಡಿದ ದಿನವೇ ಅದರ ವೈಫೈ ಸತ್ತಿತು. "ಕಾರ್ಡ್ ಬದಲ್ ಮಾಡಿದ್ರ ಆತು ಸರ" ಅಂದ. ಏಪ್ರಿಲ್ ತಿಂಗಳು, ರಾಯಚೂರು, ಮಧ್ಯಾಹ್ನ; ಬಿಸಿಲಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಕಾರ್ಡ್ ಹಾಕಿ ನೋಡದೆ ಕೊಳ್ಳಬಾರದು ಎಂಬುದು ಅವನ ಧರ್ಮ. ಆದ್ದರಿಂದ ಕಂಪ್ಯೂಟರಿನ ಡಬ್ಬವನ್ನೇ ಅಂಗಡಿಗೆ ಒಯ್ಯಬೇಕು. ಅವನು ಬೈಕ್ ಹೊಡೆಯುವುದು, ನಾನು ಹಿಂದೆ ಡಬ್ಬ ತಬ್ಬಿಕೊಂಡು ಕೂರುವುದು. ಸ್ಟೇಷನ್ ರಸ್ತೆಯ ತುಂಬ ನನ್ನನ್ನು ಬಲ್ಲವರೇ ಎದುರಾದರು. ತೀನ್ ಕಂದೀಲ್ ಹತ್ತಿರ ಹಳೆಯ ವಿದ್ಯಾರ್ಥಿಯೊಬ್ಬ ಗಾಡಿ ನಿಲ್ಲಿಸಿ, "ಯಾಕ್ರಿ ಸರ, ಮಾರಾಕ ಹೊಂಟೀರೇನು?" ಎಂದು ಕೇಳಿದ. ದನಿಯಲ್ಲಿ ನಿಜವಾದ ಕನಿಕರವಿತ್ತು.

ಅಂಗಡಿಯಲ್ಲಿ ನಡೆದದ್ದು ಹೀಗೆ.

"ಅಣ್ಣಾರ, ಈ ಕಾರ್ಡಿನೊಳಗ ಚಿಪ್ ಯಾವುದೈತ್ರಿ?"

"ಮುನ್ನೂರು ಎಂಬಿಪಿಎಸ್ ಐತ್ರಿ."

"ಅದು ಸ್ಪೀಡು. ಚಿಪ್?"

"ಎರಡು ಆಂಟೆನಾ ಅದಾವು ನೋಡ್ರಿ."

"ಆಂಟೆನಾ ಕಾಣಾಕತ್ಯಾವ್ರಿ. ಚಿಪ್ ಕೇಳಿದ್ನಿ."

"ಅದನ್ನ ತಿಳ್ಕೊಂಡು ಏನ್ ಮಾಡ್ತೀರಿ? ಕಾರ್ಡ್ ಹಾಕ್ರಿ, ನೆಟ್ ನೋಡ್ರಿ."

ಅಂಗಡಿಯವರ ಮಾತೇ ನನಗೆ ಸರಿ ಕಂಡಿತು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಲಿನಕ್ಸ್ ಎಂದು ಬರೆದಿರುವುದನ್ನೂ ತೋರಿಸಿದೆ. ಅವನು ಮಗುವನ್ನು ನೋಡುವಂತೆ ನನ್ನನ್ನು ನೋಡಿದ. ಡಬ್ಬಿಯಲ್ಲಿ ಒಂದು ಸಿಡಿ ಇರುತ್ತದೆ, ಅದರೊಳಗಿನ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ಲಿನ 2.6 ಆವೃತ್ತಿಗೆ ಬರೆದದ್ದು, 2011ರಲ್ಲಿ 3.0 ಬಂದಾಗಲೇ ಆ ಕಾಲ ಮುಗಿಯಿತು, ಈಗ ಅದನ್ನು ಕಂಪೈಲ್ ಮಾಡಲು ಹೋದರೆ ಪರದೆ ತುಂಬ ಬೈಗುಳ. ನನ್ನ ಯಂತ್ರದಲ್ಲಿ ಸಿಡಿ ಹಾಕುವ ಜಾಗವೇ ಇರಲಿಲ್ಲ, ಆ ಮಾತು ಬಿಡಿ.

ಕೊನೆಗೆ ಡಬ್ಬಿ ಒಡೆಯಲು ಒಪ್ಪಿಗೆ ಸಿಕ್ಕಿತು. ಲಿನಕ್ಸಣ್ಣ ಭೂತಗನ್ನಡಿ ಹಿಡಿದು ಬಗ್ಗಿದವನೇ, "ಏ, ಏಡಿ ಐತ್ರಿ ಇದರಾಗ!" ಎಂದು ಚೀರಿದ. ಅಂಗಡಿಯವರು ಹೌಹಾರಿ ಕುರ್ಚಿ ಹಿಂದೆ ಸರಿಸಿದರು. ಹೊಸ ಮಾಲಿನೊಳಗೆ ಹುಳ ಹೊಕ್ಕಿದೆ ಎಂದುಕೊಂಡರು ಪಾಪ. ಏಡಿ ರಿಯಲ್‌ಟೆಕ್ ಕಂಪನಿಯ ಗುರುತು, ಅವರ ಕೆಲವು ವೈಫೈ ಚಿಪ್‌ಗಳಿಗೂ ಲಿನಕ್ಸಿಗೂ ಹಳೆಯ ಜಗಳ ಎಂಬುದನ್ನು ವಿವರಿಸಿ ಅವರನ್ನು ಕೂರಿಸುವಷ್ಟರಲ್ಲಿ ಎರಡು ಸುತ್ತು ಚಹಾ ಆಯಿತು. ಜೊತೆಗೆ ಉಪಕಥೆ: ಟಿಪಿ-ಲಿಂಕ್‌ನ ಡಬ್ಲ್ಯೂಎನ್722ಎನ್ ಎಂಬ ಯುಎಸ್‌ಬಿ ವೈಫೈ. ಮೊದಲ ವರ್ಷನ್‌ನಲ್ಲಿ ಅಥೆರಾಸ್ ಚಿಪ್, ಎರಡನೆಯದರಲ್ಲಿ ರಿಯಲ್‌ಟೆಕ್. ಮಾದರಿಯ ಹೆಸರು ಅದೇ. "ಹೆಸರು ನಂಬಬ್ಯಾಡ್ರಿ ಅಣ್ಣಾರ" ಎಂದು ಅವನು ಅಂಗಡಿಯವರಿಗೇ ಬುದ್ಧಿ ಹೇಳಿದ.

ಹೊಸ ಕಾರ್ಡ್ ಕೊಳ್ಳಲೇ ಇಲ್ಲ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗೋಣವೇ ಎಂದ. ನಿಜಾಮನ ಕಾಲದಿಂದ ನಮ್ಮವರಿಗೆ ದೊಡ್ಡ ಪೇಟೆ ಎಂದರೆ ಆ ಕಡೆಯೇ, ನಿಜ, ಆದರೆ ರೈಲಿನಲ್ಲಿ ಡಬ್ಬ ತಬ್ಬಿ ಕೂರಲು ನನ್ನ ತೋಳಿಗೆ ತ್ರಾಣವಿರಲಿಲ್ಲ. ಕಡೆಗೆ ಕಾರ್ಡ್ ಸಿಕ್ಕಿದ್ದು ಮಾನ್ವಿಯ ಅವನದೇ ಅಂಗಡಿಯ ಗೋಣಿಚೀಲದಲ್ಲಿ: ಸತ್ತ ಯಂತ್ರವೊಂದರ ಹಳೆಯ ಅಥೆರಾಸ್. ಅದರ ತೆರೆದ ಡ್ರೈವರ್ 2008ರಿಂದಲೇ ಕರ್ನಲ್ಲಿನೊಳಗಿದೆ. ಹಾಕಿದ ಕೂಡಲೇ ನೆಟ್ ಬಂತು. ಕಾರ್ಡಿಗೆ ದುಡ್ಡು ಮುಟ್ಟಲಿಲ್ಲ, ಮಂಡಾಳ ವಗ್ಗರಣಿ-ಮಿರ್ಚಿ ತಿಂದ. ಇದು ಗೋಣಿಚೀಲದಲ್ಲೇ ಇತ್ತಲ್ಲಪ್ಪ ಎಂದು ಕೇಳಿದೆ. "ಹೊಸದರಾಗ ಏನ್ ಬಂದೈತಿ ಅಂತ ನೋಡಬೇಕಾಗಿತ್ರಿ ಸರ."

ಅವನ ಉಳಿದ ಗುಣಗಳು ಸಣ್ಣವು. ಪಹಣಿ ತೆಗೆಸಲು ಬಂದ ರೈತನಿಗೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳ ಕಥೆ ಹೇಳುತ್ತಾನೆ. ನುಡಿ ತಂತ್ರಾಂಶದಲ್ಲಿ ಅರ್ಜಿ ಕೇಳುವ ಗಿರಾಕಿಗಳಿಗಾಗಿ ಅಂಗಡಿಯಲ್ಲೊಂದು ವಿಂಡೋಸ್ ಯಂತ್ರವಿದೆ. ಅದರ ಮೇಲೆ ಸದಾ ಟವೆಲ್ಲು. 2012ರಲ್ಲಿ ಟೊರ್ವಾಲ್ಡ್ಸ್ ತುಂಬಿದ ಸಭೆಯಲ್ಲಿ ಎನ್‌ವಿಡಿಯಾ ಕಂಪನಿಗೆ ನಡುಬೆರಳು ತೋರಿಸಿದ ವಿಡಿಯೊ ಅವನ ಫೋನಿನಲ್ಲಿದೆ, ಬೀಗರಿಗೂ ತೋರಿಸಿದ್ದಾನೆ. 2022ರಲ್ಲಿ ಅದೇ ಕಂಪನಿ ಕರ್ನಲ್ ಡ್ರೈವರಿನ ಕೋಡ್ ತೆರೆದಾಗ ಪೇಢೆ ಹಂಚಿದ. ಸಂಜೆಯ ಹೊತ್ತಿಗೆ, "ಪೂರಾ ತೆರೆದಿಲ್ರಿ, ಕಳ್ಳರು" ಎಂದು ಸಿಟ್ಟಾದ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇನ್ನೂ ಗಟ್ಟಿಮುಟ್ಟಾದ ಕಂಪ್ಯೂಟರುಗಳನ್ನು ನಮ್ಮ ಜನ ಗುಜರಿಗೆ ತೂಗಿ ಹಾಕತೊಡಗಿದರು. ಲಿನಕ್ಸಣ್ಣ ಗುಜರಿಯವರಿಗೇ ದುಡ್ಡು ಕೊಟ್ಟು ಅವನ್ನು ತರುತ್ತಾನೆ, ಗೋಣಿಚೀಲದ ಕಾರ್ಡ್ ಹಾಕುತ್ತಾನೆ, ದೇವದುರ್ಗದ ಕಡೆಯ ಹಳ್ಳಿ ಹುಡುಗರಿಗೆ ಕೊಡುತ್ತಾನೆ. ಲೆಕ್ಕ ಬರೆಯುವುದಿಲ್ಲ, ಫೋಟೊ ಹೊಡೆಸಿಕೊಳ್ಳುವುದಿಲ್ಲ. ನಾವೆಲ್ಲ ಡಬ್ಬಿಯ ಮೇಲಿನ ಚಿತ್ರ ನೋಡಿ ಕೊಳ್ಳುವವರು. ಒಳಗೇನಿದೆ ಎಂದು ಕೇಳುವವನೊಬ್ಬ ತಾಲ್ಲೂಕಿಗೆ ಇರಲಿ ಎಂದು ಈಗೀಗ ಅನ್ನಿಸುತ್ತದೆ. ಆದರೆ ಬೈಕಿನ ಹಿಂದೆ ಕೂತ ತೋಳು ಇನ್ನೂ ನೋಯುತ್ತದೆ.

ಲಿನಕ್ಸಿಗೆ ಕಾರ್ಡ್ ಕೊಳ್ಳುವವರಿದ್ದರೆ ಮಾದರಿಯ ಹೆಸರಿನ ಜೊತೆ ವರ್ಷನ್ ನಂಬರನ್ನೂ ಓದಿಕೊಳ್ಳಿ, ಸ್ಟಿಕ್ಕರಿನ ಮೂಲೆಯಲ್ಲಿರುತ್ತದೆ. ತಿಳಿಯದಿದ್ದರೆ ಲಿನಕ್ಸಣ್ಣನಿಗೆ ಫೋನ್ ಮಾಡಿ, ರಾತ್ರಿ ಹನ್ನೊಂದಕ್ಕೂ ಎತ್ತುತ್ತಾನೆ. ಎಲ್ಲಿದ್ದೀರಿ ಎಂದು ಕೇಳಿದರೆ ಮಾತ್ರ ಹೇಳಬೇಡಿ, ಬಂದುಬಿಡುತ್ತಾನೆ.